ನುಡಿಸದೆ ನುಡಿದ ಗಿಟಾರ್

ಕೊರೋನಾ ಬಂದ ವರ್ಷ ನಾನು ಲ್ಯಾಬಿಗೆ ದಿನ ಬಿಟ್ಟು ದಿನ ಹೋಗುತ್ತಿದ್ದೆ. ಮನೆಯಲ್ಲಿದ್ದಾಗ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಜರ್ಮನ್‌ಟೌನಿನಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಿಂದ, ವೀಣೆಯ ಜಾತಿಯ ಗೋಟುವಾದ್ಯದಂಥ ನಾದವೊಂದು ಮೇಲೆ ಬರುತ್ತಿತ್ತು. ಮೈಸೂರಿನಲ್ಲಿ ವೀಣೆ ಕಲಿತ ಕಿವಿ ಸುಮ್ಮನಿರಲಿಲ್ಲ. ಇಳಿದು ಹೋಗಿ ನೋಡಿದರೆ, ಎಪ್ಪತ್ತು ದಾಟಿದ ಬಿಳಿಯ ಮುದುಕರೊಬ್ಬರು ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಂದೆ ಮೇಜಿನ ಹಾಗೆ ಅಡ್ಡಲಾಗಿ ಇಟ್ಟ ಗಿಟಾರ್, ಎಡಗೈಯಲ್ಲಿ ಉಕ್ಕಿನ ತುಂಡು. ತಂತಿಯ ಮೇಲೆ ಅದನ್ನು ಜಾರಿಸಿದರೆ ಒಂದು ಸ್ವರ ಇನ್ನೊಂದಕ್ಕೆ ಅಂಟಿಕೊಂಡು ಹರಿಯುತ್ತಿತ್ತು. ಸ್ಟೀಲ್ ಗಿಟಾರ್ ಅಂದರು. ನಾನು ಅವರನ್ನು ಅಂಕಲ್ ಅಂದೆ. "ಈ ವಯಸ್ಸಲ್ಲಿ ಹೊಸ ನೆಂಟರು ಸಿಕ್ಕರಲ್ಲ" ಎಂದು ನಕ್ಕರು.

ಅವರ ಕಥೆ ತುಂಡುತುಂಡಾಗಿ ಗೊತ್ತಾಯಿತು. ಸೌತ್ ಕೆರೊಲಿನಾದ ಬಟ್ಟೆ ಗಿರಣಿಯ ಊರಿನವರು, ಚರ್ಚಿನಲ್ಲಿ ನುಡಿಸಿ ಕಲಿತವರು. ಹರೆಯದಲ್ಲಿ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿ, ಹಳ್ಳಿಗರ ಕಂಟ್ರಿ ಹಾಡಿಗೆ ರಾಕ್‌ನ ಡ್ರಮ್ ಕೂಡಿಸಿದರು. ಆ ಸೀಮೆಯಲ್ಲಿ ಹಾಗೆ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. ಕಂಟ್ರಿಯವರು ಇವರ ಉದ್ದ ಕೂದಲು ಕಂಡು ಬಾಟಲಿ ಎಸೆದರು. ರಾಕ್ ಕೇಳುವ ಹುಡುಗರು ಸ್ಟೀಲ್ ಗಿಟಾರ್ ಕಂಡು ಮೇಕೆಯ ಹಾಗೆ ಕೂಗಿ ಅಣಕಿಸಿದರು. ಎರಡು ರೆಕಾರ್ಡ್ ಮಾಡಿದ ಮೇಲೆ ಬ್ಯಾಂಡ್ ಒಡೆಯಿತು. ಆಮೇಲೆ ಬೇರೆಯವರು ಅದೇ ಬೆರಕೆಯಲ್ಲಿ ದೊಡ್ಡ ಹೆಸರು ಮಾಡಿದಾಗ, ಇವರು ಮೇರಿಲ್ಯಾಂಡಿನಲ್ಲಿ ಮನೆಮನೆಗೆ ಹೋಗಿ ಎಸಿ ರಿಪೇರಿ ಮಾಡುತ್ತಿದ್ದರು. ಇದನ್ನೆಲ್ಲ ಅವರು ಕಹಿಯಿಲ್ಲದೆ ಹೇಳುತ್ತಿದ್ದರು. ಕಹಿ ಬಂದದ್ದು ಗೌರವ ಸಿಕ್ಕಾಗ.

ನಮ್ಮ ಪರಿಚಯವಾಗಿ ಎರಡು ವರ್ಷ ಕಳೆದು, ನಾರ್ತ್ ಕೆರೊಲಿನಾದ ಯಾವುದೋ ಸಂಸ್ಥೆಯವರು ಅವರಿಗೆ ಸನ್ಮಾನ ಇಟ್ಟುಕೊಂಡರು. ಒಂದು ಹಾಡು ನುಡಿಸಬೇಕು ಅಂದರಂತೆ. ಅಂಕಲ್ ಆ ಒಂದು ಹಾಡನ್ನು ಬೇಸಿಗೆಯಿಡೀ ತಿಕ್ಕಿ ತಿಕ್ಕಿ ಅಭ್ಯಾಸ ಮಾಡಿದರು. ಅಷ್ಟು ದೂರ ಅವರಿಂದ ಡ್ರೈವ್ ಮಾಡಲು ಆಗದು, ಹಾಗಾಗಿ ನಾನೂ ನನ್ನ ಗಂಡನೂ ಕರೆದುಕೊಂಡು ಹೋದೆವು. ಅಟ್ಲಾಂಟಾದಲ್ಲಿರುವ ಅವರ ಮಗಳು ನೇರ ಅಲ್ಲಿಗೇ ಬಂದಳು.

ಮಧ್ಯಾಹ್ನ ಸ್ಟೇಜಿನ ಹಿಂದಿನ ಕೋಣೆಯಲ್ಲಿ, ಹಳಸಿದ ಬಿಯರ್ ವಾಸನೆಯ ನಡುವೆ, ಕಾರ್ಯಕ್ರಮ ನಡೆಸುವವನು ಬಂದ. ಬಾಯ್ತುಂಬ ನಗು. ಕೈಯಲ್ಲೊಂದು ಕೌಬಾಯ್ ಟೋಪಿ. ಒಳಗಿನ ಪಟ್ಟಿಯಲ್ಲಿ ಯಾರದೋ ಬೆವರಿನ ಎಣ್ಣೆಜಿಡ್ಡು ಕರೆಗಟ್ಟಿತ್ತು. ಅದನ್ನು ಅಂಕಲ್ ತಲೆಗೆ ತಾನೇ ಇಟ್ಟ.

"ನಾವು ಟೋಪಿ ಹಾಕುತ್ತಿರಲಿಲ್ಲ" ಅಂದರು ಅಂಕಲ್.

"ಜನಕ್ಕೆ ಇದೇ ಇಷ್ಟ ಸರ್. ಇನ್ನೊಂದು ವಿಷಯ. ನಿಮ್ಮ ಗಿಟಾರಿಗೆ ಲೈನ್ ಕೊಡುವುದಿಲ್ಲ, ಅದರ ಸದ್ದು ಸ್ಪೀಕರಿಗೆ ಹೋಗುವುದಿಲ್ಲ. ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ರೆಡಿ ಇದೆ, ಒಬ್ಬ ಒಳ್ಳೆಯ ಹುಡುಗ ನುಡಿಸಿಕೊಟ್ಟಿದ್ದಾನೆ. ನೀವು ಸುಮ್ಮನೆ ಕೈ ಆಡಿಸಿದರೆ ಸಾಕು."

"ನುಡಿಸಿದ್ದು ನಾನಲ್ಲವಲ್ಲ?"

"ನಿಮ್ಮದೇ ಸ್ಟೈಲ್ ಸರ್!"

ನಾನು ಬಾಯಿ ತೆಗೆಯುವಷ್ಟರಲ್ಲಿ ಮಗಳು, "ಅಪ್ಪಾ, ಹಟ ಬೇಡ. ನೀನು ತಪ್ಪಿದರೆ ಎಲ್ಲರೆದುರು ನಗೆಪಾಟಲು" ಅಂದಳು. ಅಂಕಲ್ ಅವಳನ್ನೇ ನೋಡಿದರು.

ಸಂಜೆ ಹಾಲ್ ತುಂಬಿತ್ತು. ನಾವು ಮುಂದಿನ ಸಾಲಿನಲ್ಲಿದ್ದೆವು. ಡ್ರಮ್ ಶುರುವಾಯಿತು, ಬೆಳಕು ಅಂಕಲ್ ಮೇಲೆ ಬಿತ್ತು. ಅವರು ಉಕ್ಕಿನ ತುಂಡನ್ನು ಜೇಬಿಗೆ ಹಾಕಿಕೊಂಡು, ಎರಡೂ ಕೈಯನ್ನು ತೊಡೆಯ ಮೇಲಿಟ್ಟು ಕೂತುಬಿಟ್ಟರು. ಸ್ಪೀಕರುಗಳಿಂದ ಸ್ಟೀಲ್ ಗಿಟಾರ್ ಸುರಿಯತೊಡಗಿತು. ಹಾಡು ಮುಗಿಯುವವರೆಗೂ ಅವರು ಒಂದು ಬೆರಳು ಎತ್ತಲಿಲ್ಲ.

ಜನ ಈಗ ಗಲಾಟೆ ಮಾಡುತ್ತಾರೆ ಅಂದುಕೊಂಡೆ. ಎಲ್ಲಾದರೂ ಉಂಟೇ! ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಳ್ಳುತ್ತ, "ಈ ವಯಸ್ಸಿನಲ್ಲಿ ಎಂಥ ಕೈ!" ಅಂದಳು. "ಕೈ ತೊಡೆ ಮೇಲಿತ್ತಲ್ಲಮ್ಮಾ" ಅಂದೆ. ನಾನೇನೋ ಹೊಲಸು ಮಾತಾಡಿದ ಹಾಗೆ ಮುಖ ತಿರುಗಿಸಿಕೊಂಡಳು. ಸ್ಟೇಜಿನ ಮೇಲೆ ಆ ನಗೆಮೋರೆಯವನು ಅಂಕಲ್ ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದ.

"ಸುಮ್ನಿರೇ, ಹೊರಡೋಣ" ಎಂದು ಗಂಡ ನನ್ನ ತೋಳು ಹಿಡಿದ. ನಾನು ಸುಮ್ಮನಿರಲಿಲ್ಲ. ಸ್ಟೇಜಿಗೆ ಹತ್ತಿ, ಅಂಕಲ್ ತಲೆಯಿಂದ ಆ ಟೋಪಿ ತೆಗೆದು ಅವನ ಕೈಗೆ ತುರುಕಿದೆ. ಅವನು ಅದಕ್ಕೂ ನಕ್ಕ.

ಮುಂದಿನ ವರ್ಷ ಅಂಕಲ್ ಒಬ್ಬರೇ ಇರಲು ಆಗದೆ ಮಗಳ ಮನೆ ಸೇರಿದರು. ಕೆಲಸದ ಮೇಲೆ ಅಟ್ಲಾಂಟಾಕ್ಕೆ ಹೋದಾಗ ನೋಡಲು ಹೋದೆ. ಮಗಳು ಕಾಫಿ ಕೊಟ್ಟು, ಟಿವಿಯಲ್ಲಿ ಸನ್ಮಾನದ ವಿಡಿಯೋ ಹಾಕಿದಳು. ಬಂದವರಿಗೆಲ್ಲ ಹಾಕುತ್ತಾಳಂತೆ. ಸಂಸ್ಥೆಯವರು ಕೈ ಕಾಣದಂತೆ ಮುಖವನ್ನಷ್ಟೇ ಇಟ್ಟು ಅದನ್ನು ಕತ್ತರಿಸಿದ್ದರು. ಅಂಕಲ್ ಎದ್ದು, "ಹೊರಗೆ ಹೋಗೋಣ ಬಾ" ಅಂದರು.

ಹಿತ್ತಲಿನ ಹುಲ್ಲಿನಲ್ಲಿ ನಿಂತು, ಆ ಜನರ ಮೇಲೆ ಇನ್ನೂ ಸಿಟ್ಟಿದೆಯಾ ಎಂದು ಕೇಳಿದೆ.

"ಚಪ್ಪಾಳೆ ಹೊಡೆದವರ ಮೇಲೆ ಇಲ್ಲ" ಅಂದರು. "ಆ ಟ್ರ್ಯಾಕಿನಲ್ಲಿ ಒಂದೂ ತಪ್ಪಿರಲಿಲ್ಲ, ಕೇಳಿದೆಯಾ? ನಾನು ಯಾವತ್ತೂ ಅಷ್ಟು ನುಣ್ಣಗೆ ನುಡಿಸಿದವನಲ್ಲ. ನನಗೆ ಹೇಸಿಗೆಯಾಗುವುದು ಅದಕ್ಕೇ, ನನ್ನ ಹೆಸರಲ್ಲಿ ಕೇಳಿಸಿದ್ದರಲ್ಲಿ ನಾನೇ ಇರಲಿಲ್ಲ."

ಒಳಗೆ ಹಾಡು ಇನ್ನೂ ಮುಗಿದಿರಲಿಲ್ಲ. ನಾವು ಅಲ್ಲೇ ನಿಂತೆವು.