ಸತ್ಯವ್ವ ಬಿಟ್ಟ ಖಾಲಿ ಜಾಗ

ಸತ್ಯವ್ವ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ರಾಮಪ್ಪನ ಹಿರಿಯ ಮಗಳು. ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ತಾಯಿ ದುರಗವ್ವನ ಜೊತೆ ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಬೆರಳಿನ ಸೂಜಿ ಕೆಳಗಿಟ್ಟು ಸಂಜೆ ಗೋದಾಬಾಯಿಯವರ ಟೈಪಿಂಗ್ ಕ್ಲಾಸಿಗೆ ಓಡುವಳು. ೧೯೬೪ರಲ್ಲಿ ರಾಯಾಪುರದ ನಮ್ಮ ಸರಕಾರಿ ಕಚೇರಿಗೆ ಇನ್ನೊಬ್ಬ ಟೈಪಿಸ್ಟ್ ಬೇಕಾದಾಗ ಆಕೆಯೂ ಅರ್ಜಿ ಹಾಕಿದಳು. ಮರು ತಿಂಗಳಿಗೆ ಆಕೆಯ ವಯಸ್ಸು ನೌಕರಿಯ ಮಿತಿ ದಾಟುತ್ತಿತ್ತು. ಈ ಸಲ ತಪ್ಪಿದರೆ ಮುಂದೆ ಬಾಗಿಲೇ ಇಲ್ಲ.

ಆಕೆಗೆ ಅಡ್ಡ ಬಂದವನು ನಾನು. ಬೇಕೆಂದು ಬಂದದ್ದಲ್ಲ.

ನಾನು ಶಾಲೆಯಲ್ಲಿ ನಾಲ್ಕನೇ ಇಯತ್ತೆಗಿಂತ ಮೇಲೆ ಹತ್ತಿದವನಲ್ಲ. ಜವಾನನಾಗಿ ಸೇರಿ, ಉಳಿದವರು ಊಟಕ್ಕೆ ಹೋದ ಹೊತ್ತಿನಲ್ಲಿ ಯಂತ್ರದ ಮುಂದೆ ಕುಳಿತು, ಗುರುವಿಲ್ಲದೆ ಟೈಪು ಕಲಿತು, ಟೈಪಿಸ್ಟನೂ ಆದೆ. ಅಕ್ಷರಗಳಿಗೆ ಹೆಸರಿದ್ದವು. ಚಿಹ್ನೆಗಳಿಗೆ ಏನನ್ನಬೇಕೆಂದು ಹೇಳುವವರು ಯಾರೂ ಇರಲಿಲ್ಲ. ನಾನೇ ನಾಮಕರಣ ಮಾಡಿದೆ: @ ಚಕ್ಕುಲಿ, & ಜಿಲೇಬಿ, * ನೆಗ್ಗಿಲಮುಳ್ಳು, % ತಕ್ಕಡಿ, ( ) ಜೋಡಿ ಕುಡಗೋಲು. ಹೆಡ್‌ಕ್ಲಾರ್ಕ್ ಶಾಂತಯ್ಯನವರು ಹೊಸದಾಗಿ ಬಂದಾಗ ಅವನ್ನು ನನ್ನ ಬಾಯಿಂದಲೇ ಕಲಿತರು. ಟೈಪು ಬಲ್ಲವರೆಲ್ಲ ಹೀಗೇ ಅನ್ನುತ್ತಾರೆಂದು ನಂಬಿದರು. ನಾನು ತಿದ್ದಲಿಲ್ಲ. ಅಷ್ಟು ಓದಿದ ಮನುಷ್ಯರು ನನ್ನ ಮಾತು ಆಡುವುದು ಕಿವಿಗೆ ಹೋಳಿಗೆ ತುಪ್ಪ ಆಗಿತ್ತು.

ಶಾಂತಯ್ಯನವರು ಪರೀಕ್ಷೆ ಮಾಡುವ ಪದ್ಧತಿ ಅವರದೇ. ಕಣ್ಣು ಮುಚ್ಚಿಕೊಂಡು ಪತ್ರ ಹೇಳುವರು. ಯಂತ್ರದ ಸದ್ದು ನಿಂತರೆ ಪರೀಕ್ಷೆಯೂ ಮುಗಿದಂತೆ. ಮೊದಲು ಯಂಕಣ್ಣ ಎಂಬ ಹುಡುಗ ಕುಳಿತ. ಮೂರನೇ ಸಾಲಿನಲ್ಲಿ ಚಕ್ಕುಲಿ ಬಂತು, ಅವನ ಕೈ ನಿಂತಿತು.

“ಚಕ್ಕುಲಿ ಅಂದ್ರ ಏನ್ರಿ ಸಾಹೇಬ್ರ?”

“ತಿನ್ನೂದು. ಮನಿಗೆ ಹೋಗಿ ತಿನ್ನು. ಸಾಕು, ಏಳು!”

ನಾನು ಬಾಗಿಲ ಬಳಿ ನಿಂತಿದ್ದೆ. ನನ್ನ ಹೆಸರುಗಳು ನಮ್ಮ ಕಾಂಪೌಂಡು ದಾಟಿಲ್ಲವೆಂದು ಆಗ ತಿಳಿಯಿತು. ಗೋದಾಬಾಯಿಯವರ ಕ್ಲಾಸಿನಲ್ಲಿ ನನ್ನ ಚಕ್ಕುಲಿಗೆ ಬಸವನಹುಳು, ನೆಗ್ಗಿಲಮುಳ್ಳಿಗೆ ಆಕಾಶದ ಚಿಕ್ಕಿ ಅನ್ನುತ್ತಿದ್ದರಂತೆ. ಹೇಳಿದರೆ ನಗೆಗೀಡಾಗುವೆನೆಂದು ಬಾಗಿಲಲ್ಲೇ ಉಳಿದೆ.

ಸತ್ಯವ್ವ ಕುಳಿತಳು. ಚಕ್ಕುಲಿ ಬಂತು; ಸದ್ದು ನಿಲ್ಲಲಿಲ್ಲ. ಜೋಡಿ ಕುಡಗೋಲು ಬಂತು, ನಿಲ್ಲಲಿಲ್ಲ. ಹತ್ತು ನಿಮಿಷ ಜೋಳದ ಮೇಲೆ ಆಲಿಕಲ್ಲು ಬಿದ್ದಂತೆ ಒಂದೇ ಸಮ ಬಡಿದಳು. ಶಾಂತಯ್ಯನವರು ಮೆಚ್ಚಿ ಕಣ್ಣು ತೆರೆದು ಹಾಳೆ ಎಳೆದುಕೊಂಡರು. ಮುಖ ಗಂಟಾಯಿತು.

“ಇದೇನವಾ ತಂಗಿ? ಇಲಿ ಕಡದಂಗ ನಡುನಡುವ ತೂತು?”

“ತೂತಲ್ರಿ, ಜಾಗಾ ಬಿಟ್ಟೇನಿ. ಕೌದಿಗೆ ಬೇಕಾದ ಬಣ್ಣದ ತುಂಡು ಸಿಗದಿದ್ರ ಅಷ್ಟು ಬಿಟ್ಟು ಮುಂದ ಹೊಲೀತೇವಿ, ಸಿಕ್ಕ ಮ್ಯಾಲೆ ಹಚ್ಚತೇವಿ. ನಿಮ್ಮ ಚಕ್ಕುಲಿ ಯಾವುದು ಅಂತ ಒಮ್ಮಿ ಬರದು ತೋರಸ್ರಿ, ತುಂಬಿ ಕೊಡತೇನಿ.”

“ಪರೀಕ್ಷಾದಾಗ ತೋರಸೂದಿಲ್ಲ. ಟೈಪಿನ ಹೆಸರು ಗೊತ್ತಿಲ್ದ ಟೈಪ್ ಮಾಡಾಕ ಬಂದೀ?”

ಅವರು ಹಾಳೆ ಮಡಚತೊಡಗಿದರು. ಸತ್ಯವ್ವ ಅಳಲಿಲ್ಲ. ಮಡಚುವ ಕೈಯನ್ನೇ ನೋಡುತ್ತ ನಿಂತಳು. ಆ ನೋಟ ನನ್ನನ್ನು ಒಳಗೆ ನೂಕಿತು.

“ಸಾಹೇಬ್ರ, ತಡೀರಿ. ಅವು ಟೈಪಿನ ಹೆಸರಲ್ರಿ. ನಾ ಇಟ್ಟಾವು.”

“ಏನಂದಿ?”

“ಚಕ್ಕುಲಿ, ಜಿಲೇಬಿ, ಮುಳ್ಳು, ಎಲ್ಲಾ ನನ್ನವ್ರಿ. ಬ್ಯಾರೆ ಕಡೆ ಯಾರೂ ಹಂಗ ಅನ್ನೂದಿಲ್ಲ.”

“ಅಲ್ಲೋ ಗಿರಿಯಪ್ಪ! ಹೋದ ತಿಂಗಳ ಧಾರವಾಡದ ಸಾಹೇಬ್ರ ಮುಂದ ಜಿಲೇಬಿ ಅಂದೆ. ಹಸಿವ್ಯಾಗೇದ ಅಂತ ತಿಳದು ಚಹಾ ತರಿಸಿದ್ರು!” ಬೈಯುವರೆಂದುಕೊಂಡೆ. ಶಾಂತಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರರಾಗಿ ಹಲಗೆಯ ಮೇಲೆ ಚಿಹ್ನೆಗಳನ್ನು ಬರೆದು, ಪಕ್ಕದಲ್ಲಿ ನನ್ನ ಹೆಸರುಗಳನ್ನೂ ಬರೆದರು.

ಸತ್ಯವ್ವ ಹಾಳೆಯನ್ನು ಮತ್ತೆ ಯಂತ್ರಕ್ಕೆ ಏರಿಸಿ, ಸಾಲಿಗೆ ಸಾಲು ಕೂಡಿಸಿ, ಒಂದೊಂದೇ ಜಾಗ ತುಂಬಿದಳು. ಜೋಡಿ ಕುಡಗೋಲಿಗೆ ಎರಡು ಕಡೆ ಜಾಗ ಬಿಟ್ಟಿದ್ದಳು! ಎಲ್ಲಿ ನಿಲ್ಲಿಸಿದ್ದಳು, ಎಲ್ಲಿ ತುಂಬಿದಳು ಎಂಬುದು ನನ್ನ ಕಣ್ಣಿಗೂ ತಿಳಿಯಲಿಲ್ಲ. ಇನ್ನೂ ಹೊರಗೇ ಇದ್ದ ಯಂಕಣ್ಣನನ್ನೂ ಸಾಹೇಬರು ಕರೆಸಿ, ಹಲಗೆ ತೋರಿಸಿ, ಬೇರೆ ಪತ್ರ ಹೇಳಿದರು. ನ್ಯಾಯವೆಂದರೆ ಎಲ್ಲರಿಗೂ ನ್ಯಾಯ. ಅವನ ಹಾಳೆಯಲ್ಲಿ ಹನ್ನೊಂದು ತಪ್ಪು, ಆಕೆಯದರಲ್ಲಿ ಒಂದು. ಶಾಂತಯ್ಯನವರು ಸತ್ಯವ್ವನ ಹೆಸರು ಬರೆದುಕೊಂಡರು.

ಆಕೆ ನಮ್ಮಲ್ಲಿಗೆ ಬಂದು ಈಗ ಐದು ವರ್ಷ. ಹೊಸಬರಿಗೆ ಚಿಹ್ನೆಯ ಹೆಸರು ಹೇಳುವುದಿಲ್ಲ, ಕೀಲಿ ಒತ್ತಿ ತೋರಿಸುತ್ತಾಳೆ. ಪರೀಕ್ಷೆಯ ಆ ದಿನ ಆಕೆಯ ಹಿಂದೆ ನಾನೂ ಅಂಗಳಕ್ಕೆ ಇಳಿದೆ. ಹೊರಗೆ ಬೇವಿನ ಮರದ ಕೆಳಗೆ ಮುಂಜಾನೆಯಿಂದ ಕಾದಿದ್ದ ದುರಗವ್ವ ಎದ್ದು ನಿಂತು ಕೇಳಿದಳು:

“ಏನಾತವಾ?”

“ಆತು, ಯವ್ವಾ.”

ದುರಗವ್ವ ನನ್ನ ಕಡೆ ತಿರುಗಿ, “ಯಣ್ಣಾ, ಒಂದ್ ತಂಬಿಗಿ ನೀರ ಕೊಡ್ರಿ. ಮುಂಜಾನಿಂದ ಗಂಟಲ ಒಣಗೇತಿ,” ಎಂದಳು. ತಂದುಕೊಟ್ಟೆ. ಆಕೆ ಗಟಗಟನೆ ಕುಡಿದು ಮಗಳ ಕೈಗೆ ಕೊಟ್ಟಳು. ಮಗಳು ಕುಡಿದು, ಉಳಿದದ್ದನ್ನು ನನ್ನ ಕಡೆ ಚಾಚಿದಳು. ನನಗೂ ಅವರಷ್ಟೇ ನೀರಡಿಕೆಯಾಗಿತ್ತು.