ಹಲ್ಲು ಕೀಳಿಸುವ ಮೊದಲು ಕೊರಿಯಾ ಹೋಟೆಲು

ಹೊನ್ನಾಳಿಯಲ್ಲಿ ಒಬ್ಬ ಕೊರಿಯಾ ಇದ್ದ. ಆ ದೇಶದವನೇನಲ್ಲ, ನಮ್ಮವನೇ, ಚನ್ನಗಿರಿ ತಾಲೂಕಿನ ಉಬ್ರಾಣಿ ಕಡೆಯವನು. ಸೈನ್ಯದಲ್ಲಿ ಅಡುಗೆ ಮಾಡುತ್ತಿದ್ದನಂತೆ. ಕೊರಿಯಾದಲ್ಲಿ ಯುದ್ಧ ನಿಂತ ಮೇಲೆ ಅಲ್ಲಿನ ಕೈದಿಗಳನ್ನು ಕಾಯಲು ನಮ್ಮ ದೇಶದಿಂದ ಸಿಪಾಯಿಗಳನ್ನು ಕಳಿಸಿದ್ದರಂತೆ. ಅವರಿಗೆ ಬೇಯಿಸಿ ಹಾಕಲು ಇವನೂ ಹೋಗಿದ್ದ. ವಾಪಸು ಬಂದು, ಎಷ್ಟೋ ವರ್ಷ ನೌಕರಿ ಮಾಡಿ, ಪಿಂಚಣಿ ಬಂದ ಮೇಲೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹೋಟೆಲು ಇಟ್ಟ. ನಮ್ಮ ಕಡೆ ಬಾಡೂಟದ ಹೋಟೆಲಿಗೆಲ್ಲ ಮಿಲಿಟ್ರಿ ಹೋಟೆಲು ಅಂತಲೇ ಅನ್ನುತ್ತಾರೆ. ನಿಜವಾಗಿ ಮಿಲಿಟ್ರಿ ಕಂಡವನು ಇಟ್ಟ ಮಿಲಿಟ್ರಿ ಹೋಟೆಲು ನಾನು ನೋಡಿದ್ದು ಅದೊಂದೇ.

ನಾವು ಅಲ್ಲಿಗೆ ಹೋಗಿದ್ದು ಅತ್ತೆಯ ಹಲ್ಲಿನ ದೆಸೆಯಿಂದ.

ನಾನು ಹುಟ್ಟಿದ್ದು ಜಗಳೂರು ಕಡೆ, ಕೊಟ್ಟಿದ್ದು ನ್ಯಾಮತಿ ಹತ್ತಿರದ ಹಳ್ಳಿಗೆ. ಗಂಡನ ಮನೆ ತುಂಬ ಗಂಡಸರು. ಮಾವ, ಮದುವೆಯಾಗದೆ ಉಳಿದ ಮಾವನ ತಮ್ಮಂದಿರು, ಮೈದುನರು, ಆಳುಗಳು. ಹೆಂಗಸರು ಮೂವರೇ: ಅತ್ತೆ, ನಾನು, ನನ್ನ ಓರಗಿತ್ತಿ. ಈ ಓರಗಿತ್ತಿ ಚಿಕ್ಕವಳು, ನಗುವ ಹುಚ್ಚು. ಹಾಲು ಉಕ್ಕಿದರೂ ನಗು, ಮಾವ ಸೀನಿದರೂ ನಗು. ಮನೆಯಲ್ಲಿ ಬಾಡು ಮಾಡಿದ ದಿನ ಬೇಯಿಸುವವಳು ಅತ್ತೆ. ಗಂಡಸರೆಲ್ಲ ಉಂಡು ಎಲೆ ಮಡಿಸಿ ಎದ್ದ ಮೇಲೆ ನಮ್ಮ ಎಲೆ. ಅದರಲ್ಲೂ ಮೊದಲು ನಮಗಿಬ್ಬರಿಗೆ ಬಡಿಸಿ ಕೊನೆಗೆ ಅತ್ತೆ ಕೂರುತ್ತಿದ್ದಳು. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಉಳಿದಿರುತ್ತಿದ್ದುದು ಕತ್ತಿನ ಮೂಳೆ, ಮೇಲೆ ಬಿಳಿಯಾಗಿ ಗಟ್ಟಿಯಾದ ಕೊಬ್ಬು. ಅದನ್ನೇ ಮುದ್ದೆಗೆ ಒತ್ತಿ ನುಂಗುತ್ತಿದ್ದಳು. ಅವಳಿಗೆ ಅದೇನೂ ಕಷ್ಟ ಅನ್ನಿಸಿರಲಿಲ್ಲ. ಊರಲ್ಲಿ ಎಲ್ಲರ ಮನೆಯಲ್ಲೂ ಹಾಗೇ.

ಆಮೇಲೆ ಹಲ್ಲು ನೋವು ಶುರುವಾಯಿತು. ಲವಂಗ ಇಟ್ಟಳು, ಹೊಗೆಸೊಪ್ಪು ಇಟ್ಟಳು, ದವಡೆ ಊದಿ ಕುಂಬಳಕಾಯಿ ಆಯಿತು. ಶಿವಮೊಗ್ಗದ ಹಲ್ಲಿನ ಡಾಕ್ಟರು ಸಂತೆಯ ದಿನ ಮಧ್ಯಾಹ್ನ ಹೊನ್ನಾಳಿಗೆ ಬಂದು ಕೂರುತ್ತಿದ್ದರು. ಅವರು ಬಾಯಿ ತೆರೆಸಿ ನೋಡಿ, ಇದ್ದವನ್ನೆಲ್ಲ ಕಿತ್ತುಬಿಡಬೇಕು, ಒಂದೂ ಗಟ್ಟಿ ಇಲ್ಲ ಅಂದರು. ಮುಂದಿನ ಸಂತೆಗೆ ಬಾ ಅಂದರು.

ಆ ವಾರವೆಲ್ಲ ಅತ್ತೆ ಮಾತು ಕಡಿಮೆ ಮಾಡಿದಳು. ನೋವು ಅಂದುಕೊಂಡೆ. ಸಂತೆಯ ದಿನ ಗಂಡಸರಿಗೆಲ್ಲ ನಾಟಿ ಕೆಲಸ, ನಾವು ಮೂವರೇ ನ್ಯಾಮತಿಯಲ್ಲಿ ಬಸ್ಸು ಹತ್ತಿದೆವು. ಬಸ್ಸಲ್ಲಿ ಅತ್ತೆ ಕಿಟಕಿ ಕಡೆ ಮುಖ ಮಾಡಿಕೊಂಡು ಒಂದೇ ಮಾತು ಅಂದಳು.

"ಇವತ್ತಿನಿಂದ ಗಂಜಿ ಕಣೇ. ಒಂದ್ಸಲನಾದ್ರೂ ಬಿಸಿ ಬಾಡು ಹಲ್ಲಾಗೆ ಕಡಿದು ತಿನ್ಬೇಕಿತ್ತು."

"ಇಷ್ಟು ವರ್ಷ ತಿಂದಿದ್ದು ಏನು ಮತ್ತೆ?" ಅಂದೆ.

"ನೀನೂ ನೋಡೀಯಲ್ಲ. ಆರಿದ್ದು."

ಓರಗಿತ್ತಿ ಕಿಸಕ್ಕಂದಳು. ನನಗೆ ನಗು ಬರಲಿಲ್ಲ. ಆದರೆ ಲೆಕ್ಕ ಸರಿಯಾಗಿತ್ತು: ಡಾಕ್ಟರು ಬರುವುದು ಮಧ್ಯಾಹ್ನ, ನಾವು ಇಳಿಯುವುದು ಬೆಳಿಗ್ಗೆ, ಹಲ್ಲು ಇನ್ನೂ ಬಾಯಲ್ಲಿದೆ. "ನಡಿರಿ, ಕೊರಿಯಾನ ಹೋಟ್ಲಿಗೆ ಹೋಗಾಣ" ಅಂದೆ. ಆ ಹೋಟೆಲಿನ ಸುದ್ದಿ ನನ್ನ ಗಂಡ ಹೇಳಿದ್ದ. ಕೆಂಡದ ಮೇಲೆ ಬಾಡು ಸುಟ್ಟು ಸುಟ್ಟ ಹಾಗೇ ತಿನ್ನಲು ಕೊಡುತ್ತಾನೆ ಅಂತ.

"ಹೆಂಗಸ್ರು ಹೋಗ್ತಾರೇನೇ ಅಲ್ಲಿಗೆ?"

"ಹೆಂಗಸ್ರಿಗೆ ಬಾಯಿಲ್ಲೇನು?"

ಒಳಗೆ ಹೋದಾಗ ಹೋಟೆಲು ಖಾಲಿ. ಉದ್ದ ಬೆಂಚು, ಕಲ್ಲು ಹಾಸಿದ ಮೇಜು, ಪ್ರತಿ ಮೇಜಿನ ನಡುವೆ ಒಂದು ಗುಂಡಿ. ಕೊರಿಯಾ ಬಂದ. ದಪ್ಪ ಮೀಸೆ, ನೆಟ್ಟಗೆ ನಿಲ್ಲುವ ಆಳು. ಮೂವರು ಸೆರಗು ಹೊದ್ದ ಹೆಂಗಸರನ್ನು ನೋಡಿ, ಬೆಂಚು ಒರೆಸಿ, "ಬರ್ರಿ ಅವ್ವಾರೆ, ಕುಂದ್ರಿ" ಅಂದ. ಬಾಳೆ ಎಲೆ ಹಾಕಿದ. ಬಾಣಲೆಯಲ್ಲಿ ಕೆಂಡ ತಂದು ಗುಂಡಿಗೆ ಸುರಿದು ಮೇಲೆ ಕಬ್ಬಿಣದ ಜಾಲರಿ ಇಟ್ಟ. ಅತ್ತೆ ಹಿಂದೆ ಸರಿದಳು. ಆಮೇಲೆ ಒಂದು ಬೋಗುಣಿ ತಂದಿಟ್ಟ. ಒಳಗೆ ತೆಳ್ಳಗೆ ಸೀಳಿದ ಕುರಿ ಬಾಡು, ಹಸಿ, ಎಳ್ಳೆಣ್ಣೆ ಬೆಲ್ಲ ಬೆಳ್ಳುಳ್ಳಿ ಒಣಮೆಣಸಿನಕಾಯಿ ಕಲಸಿದ್ದು. ಪಕ್ಕದಲ್ಲಿ ಒಂದು ಕಟ್ಟು ಮೂಲಂಗಿ ಸೊಪ್ಪು. ಇಷ್ಟು ಇಟ್ಟು ಕೈ ಕಟ್ಟಿ ನಿಂತ.

ನಾವು ಕಾದೆವು. ಅವನೂ ಕಾದ.

"ಏನಪ್ಪ, ಬೇಯ್ಸಿಲ್ಲ ಇದು" ಅಂದಳು ಅತ್ತೆ.

"ನೀವೇ ಬೇಯಿಸ್ಕಬೇಕವ್ವ. ಕೊರಿಯಾದಾಗೆ ಹಿಂಗೇ."

ಅತ್ತೆ ಅವನನ್ನು ನೋಡಿದಳು, ಬಾಡನ್ನು ನೋಡಿದಳು, ನನ್ನನ್ನು ನೋಡಿದಳು. "ಇದಕ್ಕೆ ಬಸ್ ಚಾರ್ಜ್ ಕೊಟ್ಟು ಬಂದ್ವೇನೇ? ಮನ್ಯಾಗೂ ನಾನೇ ಬೇಯಿಸ್ಬೇಕು, ಹೋಟ್ಲಿಗೆ ಬಂದ್ರೂ ನಾನೇ ಬೇಯಿಸ್ಬೇಕಾ?"

ಓರಗಿತ್ತಿ ಬೆಂಚಿನಿಂದ ಕೆಳಗೆ ಇಳಿದೇ ಬಿಟ್ಟಳು ನಗುತ್ತಾ. ಕೊರಿಯಾನಿಗೂ ನಗು ಬಂತು. ಇಕ್ಕಳದಲ್ಲಿ ಒಂದು ತುಣುಕು ಜಾಲರಿ ಮೇಲೆ ಹಾಕಿ ತೋರಿಸಿದ. ಚೊಯ್ ಅಂತು. ಎಣ್ಣೆ ಕೆಂಡಕ್ಕೆ ಬಿದ್ದು ಬೆಂಕಿ ಮೇಲೆದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅತ್ತೆ ಸಿಟ್ಟು ಮರೆತು ಇಕ್ಕಳ ಕಿತ್ತುಕೊಂಡಳು. "ಬಿಡಪ್ಪ, ಸುಡ್ತೀಯ ನೀನು." ಬೆಂದದ್ದನ್ನು ಮೂಲಂಗಿ ಎಲೆಯಲ್ಲಿ ಸುತ್ತಿ ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಳ್ಳಬೇಕು ಅಂತ ಅವನು ಹೇಳಿಕೊಟ್ಟ. ಅತ್ತೆ ಸುತ್ತಿದಳು. ಬಾಯಿ ತೆರೆದಳು.

ಅಷ್ಟರಲ್ಲಿ ಲಾರಿ ನಿಂತ ಸದ್ದು. ಚನ್ನಗಿರಿಗೆ ಅಡಿಕೆ ಸಾಗಿಸುವವರು ನಾಲ್ಕೈದು ಜನ ಒಳಗೆ ನುಗ್ಗಿ ಪಕ್ಕದ ಮೇಜಿಗೆ ಕೂತರು. ಅವರ ಮುಂದೆ ಎಲೆ ಬಿತ್ತು. ಖಾಲಿ ಎಲೆ.

ಅತ್ತೆಯ ಕೈ ಬಾಯಿ ಹತ್ತಿರ ಬಂದದ್ದು ಅಲ್ಲೇ ನಿಂತಿತು.

"ತಿನ್ರಿ ಅತ್ತೆ."

"ಹೆಂಗೆ ತಿನ್ಲೇ? ಗಂಡಸ್ರು ಕುಂತಾರೆ, ಎಲೆ ಖಾಲಿ ಐತೆ."

"ಅವ್ರು ಯಾರೋ! ನಮ್ಮ ಮನೆಯವ್ರಾ?"

"ಯಾರಾದ್ರೇನು, ಗಂಡಸ್ರೇ ಅಲ್ವಾ."

ಸುತ್ತಿದ ತುಣುಕನ್ನು ಎಲೆ ಮೇಲಿಟ್ಟಳು. ಆರುತ್ತಾ ಹೋಯಿತು. ನನಗೆ ಮೈಯೆಲ್ಲ ಉರಿ. ಆ ಲಾರಿಯವರಿಗೂ ಬೇಯಿಸಲು ಬರುತ್ತಿರಲಿಲ್ಲ. ಬೋಗುಣಿ ಪೂರ್ತಿ ಒಮ್ಮೆಗೇ ಜಾಲರಿ ಮೇಲೆ ಸುರಿದು ಹೊಗೆ ಎಬ್ಬಿಸಿ ಕೆಮ್ಮುತ್ತಿದ್ದರು. ಅತ್ತೆಗೆ ನೋಡಲಾಗಲಿಲ್ಲ. ಎದ್ದು ಹೋದಳು. "ಸರೀರೋ ಆ ಕಡೆ. ಒಳ್ಳೆ ಬಾಡು ಹಾಳು ಮಾಡ್ತೀರಿ." ಇಕ್ಕಳ ಹಿಡಿದು ಒಂದೊಂದಾಗಿ ತಿರುವಿ, ಬೆಂದದ್ದನ್ನು ಅವರ ಎಲೆಗೆ ಹಾಕತೊಡಗಿದಳು. ಅವರು ಬೆಕ್ಕಸ ಬೆರಗಾಗಿ ತಿನ್ನತೊಡಗಿದರು.

"ದೊಡ್ಡವ್ವ, ಇನ್ನೊಂದು ಹಾಕವ್ವ."

"ತಡಿಯಪ್ಪ, ಬೇಯಲಿ."

ಲಾರಿಯವರದು ಅರ್ಧ ಆಗುವ ಹೊತ್ತಿಗೆ ಸಂತೆಗೆ ಬಂದ ಕುರಿ ವ್ಯಾಪಾರದವರು ಬಂದರು. ಅವರ ಎಲೆಯೂ ಖಾಲಿ. ಅತ್ತೆ ಅಲ್ಲಿಗೂ ಹೋದಳು. ಕೊರಿಯಾ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಇಷ್ಟು ವರ್ಷದಲ್ಲಿ ಅವನ ಹೋಟೆಲಿನಲ್ಲಿ ಬಡಿಸುವವರು ಯಾರೂ ಇರಲಿಲ್ಲ, ಆ ದೇಶದಲ್ಲಿ ಅವರವರೇ ಬೇಯಿಸಿಕೊಂಡು ತಿನ್ನುತ್ತಾರೆ ಅಂತ. ಈಗ ಒಬ್ಬಳು ಮುದುಕಿ, ಊದಿದ ದವಡೆ, ಸೊಂಟಕ್ಕೆ ಸೆರಗು ಬಿಗಿದು ಮೇಜಿಂದ ಮೇಜಿಗೆ ಓಡುತ್ತಿದ್ದಾಳೆ. ಓರಗಿತ್ತಿ ನಕ್ಕು ನಕ್ಕು ಬಿಕ್ಕಳಿಕೆ ಹಿಡಿಸಿಕೊಂಡಿದ್ದಳು. ನೀರು ಕುಡಿಸಲು ನಾನು, ಬೆನ್ನು ಗುದ್ದಲು ಒಬ್ಬ ಕುರಿ ವ್ಯಾಪಾರದವನು.

ಹೊರಗೆ ಬಿಸಿಲು ನೆತ್ತಿಗೇರಿತ್ತು. ಡಾಕ್ಟರು ಬಂದು ಕೂತಿರುತ್ತಾರೆ. ಇನ್ನೊಂದು ಗುಂಪು ಬಂದರೆ ಮುಗಿಯಿತು, ಇವಳು ಬಿಸಿ ಬಾಡು ತಿನ್ನದೆಯೇ ಹಲ್ಲು ಕೀಳಿಸಿಕೊಂಡು ಮನೆಗೆ ಬರುತ್ತಾಳೆ. ನಾನು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಿಬಿಟ್ಟೆ.

"ಏನ್ರಪ್ಪ, ಇನ್ನೂ ಆಗಿಲ್ವಾ ನಿಮ್ದು? ನಮ್ಮತ್ತೆ ಇನ್ನೊಂದು ಗಳಿಗೆಗೆ ಹಲ್ಲೆಲ್ಲ ಕೀಳಿಸ್ಕಂತಾಳೆ. ಬಿಸಿ ಬಾಡು ತಿನ್ಬೇಕು ಅಂತ ಬಂದಾಳೆ. ನೀವು ಎಲೆ ಮಡಿಸದೆ ಅವಳು ಬಾಯಿಗೆ ಇಡಲ್ಲ."

ಅತ್ತೆ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಲಾರಿಯವರಲ್ಲಿ ಹಿರಿಯನೊಬ್ಬ, ತಲೆಗೆ ಟವೆಲು ಸುತ್ತಿದವನು, ತನ್ನ ಎಲೆಯನ್ನು ನೋಡಿಕೊಂಡ. ಅದರಲ್ಲಿ ಇನ್ನೂ ಒಂದು ಹಿಡಿ ಬಾಡಿತ್ತು, ಆಗ ತಾನೆ ಬಿದ್ದದ್ದು. ಬಾಡಿನ ಸಮೇತ ಎಲೆಯನ್ನು ಮಡಿಸಿದ.

"ನಂದು ಆತು ದೊಡ್ಡವ್ವ."

ಅವನ ಪಕ್ಕದವನೂ ಮಡಿಸಿದ. ಅವನ ಬಾಯಿ ಇನ್ನೂ ಆಡುತ್ತಿತ್ತು. ಕುರಿಯವರು ಮುಖ ಮುಖ ನೋಡಿಕೊಂಡು ಒಬ್ಬೊಬ್ಬರಾಗಿ ಮಡಿಸಿದರು. ಒಬ್ಬ ಚಾಲಾಕಿನವನು ಮಡಿಸಿದ ಎಲೆಯ ಒಳಗೆ ಬೆರಳು ತೂರಿಸಿ ಒಂದು ತುಣುಕು ಕದ್ದ, ಜೊತೆಯವನು ಅವನ ಕೈಗೆ ಹೊಡೆದ. "ಮಡಿಸಿಯಲ್ಲೋ!" ಮೇಜುಗಳ ತುಂಬ ಹೊಟ್ಟೆ ಉಬ್ಬಿದ ಎಲೆಗಳು, ಹಿಂದೆ ಗಂಡಸರು ಕೈ ಕಟ್ಟಿಕೊಂಡು, ಶಾಲೆಯ ಹುಡುಗರ ಹಾಗೆ.

ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? ಒಂದೊಂದು ಎಲೆಯನ್ನೂ ನೋಡಿದಳು. ಆದರೆ ಮಡಿಸಿದ ಎಲೆ ಮಡಿಸಿದ್ದೇ, ಅದಕ್ಕೆ ಎದುರು ಮಾತಿಲ್ಲ. ಬಂದು ನನ್ನ ಪಕ್ಕ ಕೂತಳು. ನಾನು ಹೊಸದಾಗಿ ನಾಲ್ಕು ತುಣುಕು ಹಾಕಿದೆ. ಎಣ್ಣೆ ಸಿಡಿದು ಕೈಗೆ ಬಿತ್ತು, ಬೀಳಲಿ ಅಂದುಕೊಂಡೆ. ಮೂಲಂಗಿ ಎಲೆಗೆ ಸುತ್ತಿ ಕೊಟ್ಟೆ. ಅತ್ತೆ ಬಾಯಿಗಿಟ್ಟಳು.

ನೋವಿಲ್ಲದ ಎಡಗಡೆ ತಳ್ಳಿ ಕಡಿದಳು. ಬಿಸಿಗೆ ಕಣ್ಣಲ್ಲಿ ನೀರು, ಬಾಯಿ ತೆರೆದು ಹಾ ಹಾ ಅಂತ ಹೊಗೆ ಬಿಟ್ಟಳು, ಮತ್ತೆ ಕಡಿದಳು. ಟವೆಲು ಸುತ್ತಿದವನು ಮುಂದೆ ಬಾಗಿದ.

"ಹೆಂಗೈತೆ ದೊಡ್ಡವ್ವ?"

"ಉಪ್ಪು ಕಡಿಮಿ" ಅಂದಳು.

ಹೋಟೆಲಿನ ಸೂರು ಹಾರಿ ಹೋಗುವ ಹಾಗೆ ಎಲ್ಲರೂ ನಕ್ಕರು. ಕೊರಿಯಾ ಉಪ್ಪಿನ ಬಟ್ಟಲು ತರಲು ಓಡಿದ, ಹೊಸ್ತಿಲು ಎಡವಿದ. ಅತ್ತೆ ಎರಡನೆಯದು ಕೇಳಿದಳು, ಮೂರನೆಯದು ಕೇಳಲಿಲ್ಲ, ತಾನೇ ಜಾಲರಿಯಿಂದ ಎತ್ತಿಕೊಂಡಳು. ಪಕ್ಕೆಲುಬು ಬಂತು. ಅದನ್ನೂ ಬಿಡಲಿಲ್ಲ. ಅವಳು ತಿನ್ನುವುದರಲ್ಲಿ ಮುಳುಗಿದ್ದು ನೋಡಿ ಗಂಡಸರು ಸದ್ದಿಲ್ಲದೆ ತಮ್ಮ ತಮ್ಮ ಎಲೆ ಬಿಚ್ಚಿಕೊಂಡರು.

ಡಾಕ್ಟರ ಹತ್ತಿರ ಹೋದಾಗ ಅವರು ಎದ್ದು ಹೊರಡುವವರಿದ್ದರು. ಅತ್ತೆಯ ಬಾಯಿ ತೆರೆಸಿ ಟಾರ್ಚು ಹಾಕಿದರು. ಒಳಗೆಲ್ಲ ಮಸಿ, ಹಲ್ಲಿನ ಸಂದಿಯಲ್ಲೆಲ್ಲ ನಾರು, ಮೂಲಂಗಿ ಸೊಪ್ಪು.

"ಏನಮ್ಮ ಇದು? ಹಲ್ಲು ಕೀಳಿಸೋಕೆ ಬಂದಿದ್ದೀರೋ, ಮದುವೆ ಊಟ ಮಾಡ್ಕೊಂಡು ಬಂದಿದ್ದೀರೋ?"

"ಕೀಳ್ರಿ, ಏನಾತೀಗ" ಅಂದಳು ಅತ್ತೆ.

ಅವರು ಕೀಳಲಿಲ್ಲ. ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸಿ, ಶುದ್ಧ ಮಾಡಿಕೊಂಡು ಮುಂದಿನ ಸಂತೆಗೆ ಬರಲು ಹೇಳಿ ಚೀಲ ಎತ್ತಿಕೊಂಡರು. ಬಸ್ಸಲ್ಲಿ ವಾಪಸು ಬರುವಾಗ ಅತ್ತೆ ಹೊಗೆ ಬಿಟ್ಟು "ಉಪ್ಪು ಕಡಿಮಿ" ಅಂದದ್ದನ್ನು ಓರಗಿತ್ತಿ ಅಣಕಿಸಿ ತೋರಿಸಿದಳು. ಅತ್ತೆ ಅವಳ ತೊಡೆಗೆ ಚಿವುಟಿದಳು, ಆಮೇಲೆ ತಾನೂ ನಗತೊಡಗಿದಳು, ದವಡೆ ಹಿಡಿದುಕೊಂಡು, ನೋವು ನೋವು ಅನ್ನುತ್ತಾ. ನಾನೂ ತಡೆಯಲಿಲ್ಲ. ಕಂಡಕ್ಟರು ಎರಡು ಸಲ ತಿರುಗಿ ನೋಡಿದ. ಮನೆಯಲ್ಲಿ ಯಾಕೆ ಕೀಳಲಿಲ್ಲ ಅಂತ ಕೇಳಿದರು. "ಡಾಕ್ಟ್ರಿಗೆ ಟೈಮಿರ್ಲಿಲ್ಲ" ಅಂದೆ. ಸುಳ್ಳೇನಲ್ಲ.

ಮುಂದಿನ ಸಂತೆಯ ದಿನ ನಾನು ಏಳುವ ಹೊತ್ತಿಗೆ ಅತ್ತೆ ತಲೆ ಬಾಚಿ, ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಹೊನ್ನಾಳಿಯಲ್ಲಿ ಇಳಿದವಳು ನಮ್ಮನ್ನು ಕಾಯದೆ ಬಸ್ ಸ್ಟ್ಯಾಂಡಿನ ಹಿಂದಕ್ಕೆ ತಿರುಗಿದಳು.

"ಅತ್ತೆ, ಡಾಕ್ಟ್ರು ಬಾಯಿ ಶುದ್ಧ ಇರ್ಲಿ ಅಂದಾರೆ."

"ಮುಕ್ಕಳಿಸ್ತೀನಿ ಕಣೇ. ನೀರಿಗೇನು ಬರವೇ, ಹೊಳೆ ಐತೆ."

ಹೋಟೆಲಿನಲ್ಲಿ ಅವತ್ತು ಜನ ಆಗಲೇ ಕೂತಿದ್ದರು. ಬೇರೆ ಲಾರಿಯವರು, ನಮ್ಮ ಪರಿಚಯ ಇಲ್ಲದವರು. ಅವರ ಎಲೆ ಖಾಲಿ, ಜಾಲರಿ ಮೇಲೆ ಬಾಡು ಬೇಯುತ್ತಿತ್ತು. ನಮ್ಮ ಮೇಜಿಗೂ ಕೆಂಡ ಬಂತು. ಅತ್ತೆ ಬೇಯಿಸಿದಳು, ಸುತ್ತಿದಳು, ಒಂದು ಸಲ ಆ ಕಡೆ ಕಣ್ಣು ಹಾಯಿಸಿದಳು. ನಾನು ಮತ್ತೆ ಕೂಗಲು ಗಂಟಲು ಸರಿ ಮಾಡಿಕೊಂಡೆ. ಬೇಕಾಗಲಿಲ್ಲ. ಅವಳು ತುಣುಕನ್ನು ತನ್ನ ಬಾಯಿಗೆ ಹಾಕಿಕೊಂಡಳು. ದವಡೆ ಉಬ್ಬಿಸಿಕೊಂಡೇ ಇಕ್ಕಳವನ್ನು ಆ ಗಂಡಸರ ಕಡೆ ಚಾಚಿದಳು.

"ತಿರುವ್ರೋ ಅದನ್ನ, ಸೀದು ಹೋಗ್ತೈತೆ. ಎಲ್ಲಾ ನಾನೇ ಬಂದು ಮಾಡ್ಲೇನು?"

ಆ ಮಧ್ಯಾಹ್ನ ಡಾಕ್ಟರು ಎಲ್ಲ ಕಿತ್ತರು. ಅತ್ತೆ ಒಂದು ಸಲವೂ ಅಯ್ಯೋ ಅನ್ನಲಿಲ್ಲ.