ಅಪ್ಪನ ಕರೆಗೆ ಬಂದವರು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯ ಮನೆಗೆ ಪ್ರತಿ ಶನಿವಾರ ಬೆಳಿಗ್ಗೆ ನೆಂಟರು ಬರುತ್ತಿದ್ದರು. ಗೇಟು ತೆಗೆದು ಬರುವ ನೆಂಟರಲ್ಲ. ಸಂಪಿಗೆ ಮರದಿಂದ ಹೆಂಚಿಗೆ, ಹೆಂಚಿನಿಂದ ಹಿತ್ತಿಲ ಗೋಡೆಗೆ ಹಾರಿಕೊಂಡು ಬರುವ ಕೋತಿಗಳು. ‘ತಾತ, ನಿಮಗಿನ್ನೂ ಕೂದಲೇ ನರೆತಿಲ್ಲ, ನಿಮ್ಮದೆಂಥ ಹಳೇ ಕಾಲ’ ಎಂದು ನಗಬೇಡಿ. ನಿಮ್ಮ ಅಜ್ಜಿ ನನ್ನ ಅಕ್ಕ. ನಾನು ತೊಟ್ಟಿಲಲ್ಲಿದ್ದಾಗಲೇ ಅವಳು ಎರಡು ಜಡೆ ಹಾಕಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದಳು. ಅವಳಿಂದಾಗಿ ನಾನು ವಯಸ್ಸಿಗೆ ಮುಂಚೆಯೇ ತಾತನಾದೆ.

ಅಪ್ಪ ಅವನ್ನು ಕೋತಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಅವರ ಬಾಯಲ್ಲಿ ಅವು ಹನುಮಪ್ಪಗಳು. ಶನಿವಾರ ಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ಏಲಕ್ಕಿ ಬಾಳೆಹಣ್ಣಿನ ಬುಟ್ಟಿ ಹಿಡಿದು ಹಿತ್ತಿಲಿಗೆ ಬಂದು, “ಬಾರಪ್ಪಾ... ಹನುಮಪ್ಪಾ...” ಎಂದು ರಾಗವಾಗಿ ಕರೆಯುತ್ತಿದ್ದರು. ಮೊದಲು ಮರದ ಎಲೆ ಅಲುಗುತ್ತಿತ್ತು, ಆಮೇಲೆ ಹೆಂಚು ಟಕಟಕ ಎನ್ನುತ್ತಿತ್ತು. ಎಲ್ಲಕ್ಕಿಂತ ಮುಂದೆ ಹರಿದ ಕಿವಿಯ ಒಂದು ಮುದಿ ಹೆಣ್ಣು. ನಡುಬೈತಲೆ ತೆಗೆದು ಬಾಚಿದ ಹಾಗೆ ಅದರ ಕೂದಲು. ನಾವು ಅದನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ದೊಡ್ಡಮ್ಮ ಹಣ್ಣನ್ನು ಕಿತ್ತುಕೊಳ್ಳುತ್ತಿರಲಿಲ್ಲ. ಕಪ್ಪು ಬೆರಳುಗಳನ್ನು ಅಪ್ಪನ ಅಂಗೈ ಮೇಲೆ ಒಂದು ಗಳಿಗೆ ಇಟ್ಟು, ಅಪ್ಪನ ಮುಖ ನೋಡಿ, ಆಮೇಲೆ ಎತ್ತಿಕೊಳ್ಳುತ್ತಿತ್ತು. ಅದು ಕೂತ ಮೇಲೆ ಮಿಕ್ಕವು ಇಳಿಯುತ್ತಿದ್ದವು. ಎರಡೂ ಕೆನ್ನೆ ಉಬ್ಬುವಷ್ಟು ತುರುಕಿಕೊಂಡು, ಗೋಡೆಯ ಮೇಲೆ ಸಾಲಾಗಿ ಕೂತು, ಒಂದರ ಬೆನ್ನನ್ನೊಂದು ಹೆಕ್ಕುತ್ತಿದ್ದವು. ಹಣ್ಣಿನ ವಾಸನೆಯೂ ಸಂಪಿಗೆಯ ವಾಸನೆಯೂ ಬೆರೆತ ಆ ಬೆಳಗು ಈಗಲೂ ನನ್ನ ಮೂಗಿನಲ್ಲಿದೆ.

ಅಕ್ಕ ಆಗ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಅವಳು ಒಂದು ದಿನ, “ಇವುಗಳಲ್ಲಿ ಹೆಣ್ಣುಗಳು ತಾವು ಹುಟ್ಟಿದ ಗುಂಪು ಬಿಟ್ಟು ಹೋಗಲ್ಲಮ್ಮ. ಅಜ್ಜಿ, ಮಗಳು, ಮೊಮ್ಮಗಳು ಎಲ್ಲ ಒಟ್ಟಿಗೇ ಇರ್ತವೆ. ಗಂಡುಗಳೇ ಬೆಳೆದ ಮೇಲೆ ಬೇರೆ ಗುಂಪಿಗೆ ಹೋಗ್ತವೆ” ಎಂದಳು.

ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಹಂಗಾದ್ರೆ ಅಲ್ಲಿ ಗಂಡೇ ಅತ್ತೆಮನೆಗೆ ಹೋಗೋದಾ? ಮುಂಚೇನೇ ಗೊತ್ತಿದ್ದಿದ್ರೆ ನಾನೂ ಅದೇ ಜಾತೀಲಿ ಹುಟ್ತಿದ್ದೆ” ಎಂದಿದ್ದರು. ಅಪ್ಪ ಕೇಳಿಸದವರ ಹಾಗೆ ಪಂಚೆ ಕೊಡವಿಕೊಂಡರು.

ಆದರೆ ವಾರಕ್ಕೆ ಶನಿವಾರ ಒಂದೇ ಬರುತ್ತದೆ. ಮಿಕ್ಕ ದಿನವೂ ಅವಕ್ಕೆ ಹೊಟ್ಟೆ ಇತ್ತಲ್ಲ. ಹೆಂಚು ಒಡೆದವು. ಮಹಡಿಯ ಮೇಲೆ ಒಣಹಾಕಿದ ಸಂಡಿಗೆ ತಿಂದವು. ಆಂಟೆನಾ ಹಿಡಿದು ಜೋತಾಡಿ, ಟೀವಿಯಲ್ಲಿ ಕ್ರಿಕೆಟ್ ಹೋಗಿ ಬರೀ ಇರುವೆ ಓಡಾಡುವಂತೆ ಮಾಡಿದವು. ಎದುರು ಮನೆಯ ಆಂಟಿ ಒಮ್ಮೆ ಗೇಟಿನ ಹತ್ತಿರ ನಿಂತು, “ನಿಮ್ಮ ದೇವ್ರು ನಮ್ಮನೆ ಫ್ರಿಜ್ ತೆಗೆದು ಮೊಸರು ಖಾಲಿ ಮಾಡಿದೆ ಕಣ್ರೀ! ಮಂಗಳಾರತಿ ಎತ್ಲೋ, ಪೊರಕೆ ಎತ್ಲೋ, ನೀವೇ ಹೇಳ್ಬಿಡಿ” ಎಂದರು. ಅಪ್ಪ ನಗುತ್ತ, “ಮೊಸರು ತಾನೇ ತಾಯಿ, ನಮ್ಮನೆಯಿಂದ ತಗೊಂಡ್ಹೋಗಿ” ಎಂದರು. ಅಷ್ಟರ ಮಟ್ಟಿಗೆ ಅದು ನಗುವ ವಿಷಯವಾಗಿತ್ತು.

ನಗು ನಿಂತದ್ದು ಆ ಆಂಟಿಯ ಪುಟ್ಟ ಮೊಮ್ಮಗಳಿಗೆ ಕೋತಿ ಕಚ್ಚಿದ ದಿನ. ಮಗು ಬಾಳೆಹಣ್ಣು ಹಿಡಿದು ಗೇಟಿನಲ್ಲಿ ನಿಂತಿತ್ತು. ಒಂದು ಹರೆಯದ ಗಂಡು ಕೋತಿ ಬಂದು ಎಳೆಯಿತು, ಮಗು ಬಿಡಲಿಲ್ಲ. ಮೊಣಕೈ ಹತ್ತಿರ ಹಲ್ಲು ಊರಿತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಅಪ್ಪ ನೋಡಲು ಹೋದಾಗ ಆಂಟಿ ಜಗಳವಾಡಲಿಲ್ಲವಂತೆ. “ಕೈಯಲ್ಲಿ ಹಣ್ಣಿದ್ರೆ ಅದು ತಮಗೇ ಅಂತ ಅವಕ್ಕೆ ಕಲಿಸಿದ್ದು ಯಾರು, ಹೇಳಿ” ಎಂದು ಮೆಲ್ಲಗೆ ಕೇಳಿದರಂತೆ. ಅಪ್ಪ ಮನೆಗೆ ಬಂದು ಊಟ ಬೇಡವೆಂದರು.

ರಸ್ತೆಯವರೆಲ್ಲ ಸೇರಿ ಕೋತಿ ಹಿಡಿದು ಕಾಡಿಗೆ ಬಿಡುವವನನ್ನು ಕರೆಸಿದರು. ನಮ್ಮ ಹಿತ್ತಿಲಿನಲ್ಲೇ ದೊಡ್ಡ ಕಬ್ಬಿಣದ ಬೋನು ಬಂತು. ಒಳಗೆ ಕಡಲೆಕಾಯಿ, ಬೆಲ್ಲ. ದೊಡ್ಡಮ್ಮ ಗೋಡೆಯ ಮೇಲೆ ಕೂತು ನೋಡಿತು, ಇಳಿದು ಬಂದು ಸರಳನ್ನು ಮೂಸಿತು, ಹಿಂದಕ್ಕೆ ಹೋಯಿತು. ಅದು ಹೋದದ್ದೇ ಎಲ್ಲವೂ ಹೋದವು. ಮಾರನೆಯ ದಿನವೂ ಅಷ್ಟೇ. ಬೆಲ್ಲಕ್ಕೆ ಇರುವೆ ಹತ್ತಿತು.

“ಸ್ವಾಮೀ, ನೀವೇ ಕರೀಬೇಕು. ನಿಮ್ಮ ದನಿ ಕೇಳಿದ್ರೆ ಬರ್ತವೆ” ಎಂದ ಹಿಡಿಯುವವನು.

ಅಕ್ಕ ಅಡ್ಡ ಬಂದಳು. “ಬೇಡ ಅಪ್ಪಾ. ಕಾಡು ಅಂದ್ರೆ ಖಾಲಿ ಸೈಟಲ್ಲ. ಅಲ್ಲಿ ಬೇರೆ ಗುಂಪು ಇರುತ್ತೆ, ಇವನ್ನ ಒಳಗೇ ಬಿಡಲ್ಲ. ಇವಕ್ಕೆ ಅಲ್ಲಿ ಯಾವ ಮರ ಯಾವಾಗ ಹಣ್ಣು ಬಿಡುತ್ತೆ ಅಂತಾನೂ ಗೊತ್ತಿಲ್ಲ.”

“ಇಲ್ಲೇ ಇದ್ರೆ ಏನಾಗುತ್ತೆ ಗೊತ್ತೇನಮ್ಮ? ಮೂಲೆ ಮನೆಯವರು ವಿಷ ಇಡ್ತೀವಿ ಅಂತಿದಾರೆ” ಎಂದರು ಅಪ್ಪ. “ಎಲ್ಲಾದ್ರೂ ಸರಿ, ಬದುಕಿರ್ಲಿ.”

ಆ ಶನಿವಾರ ಅಪ್ಪ ಎಂದಿನಂತೆ ಸ್ನಾನ ಮಾಡಿದರು. ಹಣ್ಣನ್ನೆಲ್ಲ ಬೋನಿನ ಒಳಗಡೆ ತುದಿಯಲ್ಲಿ ಸುರಿದು, ಬಾಗಿಲ ಪಕ್ಕ ಮಣೆ ಹಾಕಿ ಕೂತರು. ನಾನು, ಅಕ್ಕ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆವು. “ಬಾರಪ್ಪಾ...” ಎಂದರು. ಅಷ್ಟೇ ಸಾಕಾಯಿತು. ಎಲೆ ಅಲುಗಿತು, ಹೆಂಚು ಟಕಟಕ ಎಂದಿತು. ದೊಡ್ಡಮ್ಮ ಅಪ್ಪನ ಹತ್ತಿರ ಬಂದು ಅಂಗೈ ಮೇಲೆ ಬೆರಳಿಟ್ಟಿತು. ಅಂಗೈ ಖಾಲಿ. ಅದು ಅಪ್ಪನ ಮುಖ ನೋಡಿತು, ಬೋನಿನೊಳಗೆ ನೋಡಿತು, ನಡೆದುಕೊಂಡು ಒಳಗೆ ಹೋಯಿತು. ಅದರ ಹಿಂದೆ ಅದರ ಮಕ್ಕಳು, ಮೊಮ್ಮಕ್ಕಳು ಎಲ್ಲ. ಹಿಡಿಯುವವನು ಮರೆಯಿಂದ ಹಗ್ಗ ಬಿಟ್ಟ.

ಆ ಬಾಗಿಲು ಬಿದ್ದ ಸದ್ದಿಗೆ ರಸ್ತೆಯ ಕಾಗೆಗಳೆಲ್ಲ ಎದ್ದವು. ಒಳಗೆ ಕಿರುಚಾಟ ಎದ್ದು, ಆಮೇಲೆ ತಟ್ಟನೆ ನಿಂತುಹೋಯಿತು. ಎಲ್ಲವೂ ಒಂದು ಮೂಲೆಗೆ ಸರಿದು ಒಂದನ್ನೊಂದು ತಬ್ಬಿಕೊಂಡು, ಒಂದೇ ದೊಡ್ಡ ಪ್ರಾಣಿಯ ಹಾಗೆ ಕೂತಿದ್ದವು. ಒಂದು ತಾಯಿ ಮಾತ್ರ ಸರಳಿಗೆ ಅಂಟಿಕೊಂಡು ಮೇಲೆ ನೋಡುತ್ತಿತ್ತು. ಅದರ ಮರಿ ಹೊರಗೇ ಉಳಿದು, ಹಿತ್ತಿಲ ಸೀಬೆ ಮರದ ತುದಿಯಲ್ಲಿ ಕೂತು ಕೂಗುತ್ತಿತ್ತು.

“ಬಾಗಿಲು ತೆಗೀರಿ, ಮರಿ ಹೊರಗಿದೆ!” ಎಂದು ಅಕ್ಕ ಓಡಿದಳು.

“ತೆಗೆದ್ರೆ ಎಲ್ಲಾ ಹೋಗ್ತವಮ್ಮ. ಮರಿ ಆಮೇಲೆ ಸಿಗುತ್ತೆ, ನಾನೇ ಬಂದು ಒಯ್ತೀನಿ” ಎಂದ ಅವನು. ಅಪ್ಪ ಕೈ ಮುಗಿದರು. “ಸ್ವಲ್ಪ ಹೊತ್ತು ಕಾಯಪ್ಪ, ನಾನು ಕರೀತೀನಿ, ಇಳಿಯುತ್ತೆ” ಎಂದು ಮನೆಯೊಳಗಿಂದ ಒಂದು ಹಣ್ಣು ತಂದು ಮರದ ಕೆಳಗೆ ನಿಂತರು. ಕರೆದರು, ಕರೆಯುತ್ತಲೇ ಇದ್ದರು. ಮರಿ ಇನ್ನೂ ಮೇಲಕ್ಕೆ ಹತ್ತಿತು. ಬೋನು ಹೊತ್ತ ವ್ಯಾನು ಹೊರಟಿತು.

ಆ ಮರಿ ಹಗಲೆಲ್ಲ ನಮ್ಮ ಹೆಂಚಿನ ಮೇಲೆ ಓಡಾಡುತ್ತ ಕೂಗುತ್ತಿತ್ತು. ಹಾಲು ಇಟ್ಟೆವು, ಹಣ್ಣು ಇಟ್ಟೆವು, ಮುಟ್ಟಲಿಲ್ಲ. ಹಿಡಿಯುವವನು ಮತ್ತೆ ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ಕೂಗು ಕೇಳಿಸಲಿಲ್ಲ. ಅಪ್ಪ ಬೇಗನೆ ಎದ್ದು ಸೀಬೆ ಮರದ ಬುಡದಲ್ಲಿ ಮಣ್ಣು ಮುಚ್ಚಿ, ಮೇಲೆ ತುಳಸಿ ಎಲೆ ಇಟ್ಟಿದ್ದರು.

ಕೆಲವು ದಿನ ಕಳೆದ ಮೇಲೆ ಅಪ್ಪ, ಅಕ್ಕ ಬಸ್ಸು ಹಿಡಿದು, ಅವನ್ನು ಬಿಟ್ಟರೆಂದು ಹೇಳಿದ ಬೆಟ್ಟದ ಕಡೆಗೆ ಹೋದರು. ಅಲ್ಲಿ ಅಪ್ಪ ಕರೆದಾಗ ಬಂದದ್ದು ಯಾವುದೋ ಬೇರೆ ಗುಂಪು. ಹಲ್ಲು ತೋರಿಸಿ ಓಡಿಸಿತು. ನಮ್ಮವು ಒಂದೂ ಕಾಣಲಿಲ್ಲ. ವಾಪಸು ಬಂದ ಅಪ್ಪ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿದ್ದ ನನಗೆ, “ಅವು ನನ್ನ ನೋಡಿ ಹೆದರಬೇಕಿತ್ತು ಕಣೋ. ನಾನು ಹೆದರಿಕೆ ಬಿಡಿಸಿಬಿಟ್ಟೆ” ಎಂದರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ನಿಮ್ಮ ಮತ್ತಿಕೆರೆಯ ಫ್ಲಾಟಿನ ಬಾಲ್ಕನಿಗೆ ಪಾರಿವಾಳ ಕೂಡ ಬಾರದಂತೆ ಬಲೆ ಹಾಕಿದ್ದಾರೆ. ಸಂಡಿಗೆ ಅಂಗಡಿಯಿಂದ ಬರುತ್ತದೆ. ಹೆಂಚೂ ಇಲ್ಲ, ಹೆಂಚಿನ ಮೇಲೆ ಓಡುವವರೂ ಇಲ್ಲ. ನೀವು ಕೋತಿಯನ್ನು ಹತ್ತಿರದಿಂದ ನೋಡಬೇಕಾದರೆ ಕಾರಿನಲ್ಲಿ ಊರಾಚೆ ಹೋಗಬೇಕು.

ಹೋದ ತಿಂಗಳು ಹಾಗೇ ಹೋಗಿದ್ದೆವಲ್ಲ ಪುಟ್ಟೀ, ಬೆಟ್ಟದ ತಿರುವಿನಲ್ಲಿ ಕಾರು ನಿಂತಾಗ ಒಂದು ತಾಯಿ, ಹೊಟ್ಟೆಗೆ ಮರಿಯನ್ನು ಅಂಟಿಸಿಕೊಂಡು, ನಿನ್ನ ಕಿಟಕಿಯ ಹತ್ತಿರ ಬಂದು ಕೈ ಚಾಚಿತು. ನೀನು ಬಿಸ್ಕತ್ತು ತೆಗೆದು, “ತಾತ, ಕೊಡ್ಲಾ? ಒಂದೇ ಒಂದು?” ಎಂದೆ. ನಾನು ಗಾಜು ಏರಿಸಿದೆ. “ತಾತ ಕೆಟ್ಟವರು, ಅದಕ್ಕೆ ಹಸಿವು” ಎಂದು ದಾರಿಯುದ್ದಕ್ಕೂ ಅತ್ತೆ. ಹಸಿವು ನಿಜ ಕಂದಾ. ಅಲ್ಲಿ ಕಾಡಿನೊಳಗೆ ಅತ್ತಿ ಮರ ಹಣ್ಣು ಬಿಟ್ಟಿತ್ತು, ಆ ತಾಯಿ ಮಾತ್ರ ನಮ್ಮ ಕಿಟಕಿಯ ಹತ್ತಿರ ನಿಂತಿತ್ತು. ಅವತ್ತು ನಿನಗೆ ಇದನ್ನೆಲ್ಲ ಹೇಳಲಾಗಲಿಲ್ಲ, ಅದಕ್ಕೇ ಈಗ ಬರೆದಿದ್ದೇನೆ.

ಕಾರು ಹೊರಟಾಗ ಅದು ಮರಿಯನ್ನು ಅವುಚಿಕೊಂಡು ಸ್ವಲ್ಪ ದೂರ ನಮ್ಮ ಹಿಂದೆ ಓಡಿ ಬಂತು. ನೀನು ಹಿಂದಿನ ಗಾಜಿನಿಂದ ನೋಡುತ್ತಿದ್ದೆ. ನನಗೆ ತಿರುಗಿ ನೋಡಲಾಗಲಿಲ್ಲ.